ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ (1808–1876): ಜೀವನ ಪರಿಚಯ

ಯಾದಗಿರಿ ಜಿಲ್ಲೆಯ ಸುರಪುರ ಪಟ್ಟಣದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಎಂಬ ಕಟ್ಟಡವು ಈ ಭಾಗದ ಆಡಳಿತವನ್ನು ಹಲವು ವರ್ಷಗಳ ಕಾಲ ನಿರ್ವಹಿಸಿದ ಕರ್ನಲ್ ಮೆಡೋಸ್ ಟೇಲರ್ ಅವರು ವಾಸವಿದ್ದ ಮನೆಯಾಗಿರುತ್ತದೆ. ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಸೇವೆ

ಟೇಲರ್ ಅವರು ದಿನಾಂಕ 25-09-1808ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದರು. 1824ರಲ್ಲಿ, ತಮ್ಮ 15ನೆಯ ವಯಸ್ಸಿನಲ್ಲಿ, ಮುಂಬಯಿಯ ವ್ಯಾಪಾರ ಸಂಸ್ಥೆಯೊಂದರಲ್ಲಿ ಮುಂದೆ ಪಾಲುದಾರರಾಗುವ ಭರವಸೆಯಿಂದ ಹಡಗು ಹತ್ತಿದರು. ಇಲ್ಲಿಗೆ ಬಂದಾಗ ಆ ಸಂಸ್ಥೆಯೇ ಹಣಕಾಸಿನ ಸಂಕಷ್ಟದಲ್ಲಿತ್ತು. ಊರಿಗೆ ಹಿಂತಿರುಗದೆ, ಬಂಧುವೊಬ್ಬರ ನೆರವಿನಿಂದ ಹೈದರಾಬಾದ್ ನಿಜಾಮರ ಸೈನ್ಯವನ್ನು ಸೇರಿದರು. ದೇಶಭಾಷೆಗಳನ್ನು ಕಲಿತರು. ಕಾನೂನು, ಭೂಮಾಪನ ಮತ್ತು ಭೂವಿಜ್ಞಾನವನ್ನು ಬಹುಮಟ್ಟಿಗೆ ಸ್ವಂತ ಪರಿಶ್ರಮದಿಂದಲೇ ಅಭ್ಯಾಸ ಮಾಡಿದರು. 1839ರಲ್ಲಿ ಪ್ರಕಟವಾದ ಥಗ್ಗರ ಕುರಿತ ಕಾದಂಬರಿಯು ಅವರಿಗೆ ಲೇಖಕರೆಂಬ ಹೆಸರನ್ನು ತಂದುಕೊಟ್ಟಿತು.

ಸುರಪುರದಲ್ಲಿ ಸೇವೆ

1841ರಲ್ಲಿ ಟೇಲರ್ ಅವರನ್ನು ಸುರಪುರ ಸಂಸ್ಥಾನಕ್ಕೆ ನಿಯೋಜಿಸಲಾಯಿತು. ಆಗ ಸಂಸ್ಥಾನವು ನಿಜಾಮರಿಗೆ ಸಲ್ಲಿಸಬೇಕಾದ ಬಾಕಿಯ ಭಾರದಲ್ಲಿತ್ತು. 1842ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ನಿಧನರಾದರು. ಉತ್ತರಾಧಿಕಾರಿ ವೆಂಕಟಪ್ಪ ನಾಯಕರು ಇನ್ನೂ ಬಾಲಕರಾಗಿದ್ದು, ರಾಣಿ ಈಶ್ವರಮ್ಮನವರ ಹಾಗೂ ಅರಮನೆಯ ಇತರರ ನಡುವೆ ಅಧಿಕಾರದ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿದ್ದವು.

ಈ ಹೊಣೆಯು ತಮ್ಮಿಂದ ಸಾಧ್ಯವೇ ಎಂದು ಯಾರಾದರೂ ಸಂಶಯಪಡಲು ಕಾರಣಗಳು ಸಾಕಷ್ಟಿದ್ದವು. ಟೇಲರ್ ಅವರು ಕಂಪನಿಯ ಅಧಿಕಾರಿವರ್ಗಕ್ಕೆ ಸೇರಿದವರಾಗಿರಲಿಲ್ಲ. ಇಂಜಿನಿಯರಿಂಗ್ ತರಬೇತಿಯನ್ನೂ ಪಡೆದಿರಲಿಲ್ಲ. ಇದೇ ಅವಧಿಯಲ್ಲಿ, 1844ರಲ್ಲಿ, ಅವರ ಪತ್ನಿಯೂ ತೀರಿಕೊಂಡರು. ಆದಾಗ್ಯೂ ಅವರು ಸಮಸ್ಯೆಯನ್ನು ಒಟ್ಟಾಗಿ ನೋಡಿ ಹಿಂಜರಿಯದೆ, ಒಂದೊಂದಾಗಿ ಕೈಗೆತ್ತಿಕೊಂಡರು. ಲೆಕ್ಕಪತ್ರಗಳನ್ನು ಕ್ರಮಪಡಿಸಿದರು. ಕಂದಾಯದ ವ್ಯವಸ್ಥೆಯನ್ನು ಸರಿಪಡಿಸಿದರು. ನ್ಯಾಯ ವಿಚಾರಣೆಯನ್ನು ತಾವೇ ನಡೆಸಿದರು. ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು ದುರಸ್ತಿಗೊಳಿಸಿದರು. ತಿಳಿಯದ ವಿಷಯವು ಎದುರಾದಾಗ ಅದನ್ನು ಕಲಿತು ಮುಂದುವರಿಯುವುದು ಅವರ ಕ್ರಮವಾಗಿತ್ತು.

ಬಿಡುವಿನ ವೇಳೆಯಲ್ಲಿ ಸುತ್ತಲಿನ ಗ್ರಾಮಗಳ ಪ್ರಾಚೀನ ಅವಶೇಷಗಳನ್ನೂ ಪರಿಶೀಲಿಸಿದರು. ಸುರಪುರ ಸೀಮೆಯ ರಾಜನಕೋಳೂರಿನ ಕಲ್ಗೋರಿಗಳು ಹಾಗೂ ಶಹಾಪುರದ ಸಮೀಪದ ವಿಭೂತಿಹಳ್ಳಿಯ ಸಾಲುಗಲ್ಲುಗಳು ವಿದ್ವಾಂಸರ ಗಮನಕ್ಕೆ ಬರಲು ಅವರ ಬರಹಗಳು ಸಹಾಯಕವಾದವು.

1853 ಮತ್ತು ನಂತರ

1853ರಲ್ಲಿ ಆಡಳಿತವನ್ನು ರಾಜಾ ವೆಂಕಟಪ್ಪ ನಾಯಕರಿಗೆ ವಹಿಸಿ ಟೇಲರ್ ಅವರು ನಳದುರ್ಗಕ್ಕೆ ತೆರಳಿದರು. 1857ರಲ್ಲಿ ಬೇರಾರಿನ ಬುಲ್ಢಾಣಾದಲ್ಲಿದ್ದಾಗ, ಜನರ ವಿಶ್ವಾಸದ ಬಲದಿಂದಲೇ ಅಲ್ಲಿ ಶಾಂತಿಯನ್ನು ಕಾಪಾಡಿದರು.

ಆದರೆ ಧೈರ್ಯ ಮತ್ತು ಶ್ರಮದಿಂದ ಎಲ್ಲವೂ ಸರಿಹೋಗಲಿಲ್ಲ. ಬಾಲ್ಯದಿಂದ ತಮ್ಮನ್ನು ಅಪ್ಪ ಎಂದು ಕರೆಯುತ್ತಿದ್ದ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾದರು. ಮರಣದಂಡನೆಯು ಕಾರಾಗೃಹ ವಾಸಕ್ಕೆ ಇಳಿದರೂ, ಅದೇ ವರ್ಷ ಮದ್ರಾಸಿನ ಸಮೀಪ ಗುಂಡೇಟಿನಿಂದ ಮೃತಪಟ್ಟರು. ಈ ಯುವ ಅರಸರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ನಾಡು ಇಂದಿಗೂ ಗೌರವಿಸುತ್ತದೆ. ಟೇಲರ್ ಅವರು ಆ ವರ್ಷ ಸುರಪುರಕ್ಕೆ ಮರಳಿ ನಿಯೋಜಿತರಾಗಿ, ನೊಂದ ಸಂಸ್ಥಾನದ ಆಡಳಿತವನ್ನು ಮತ್ತೊಮ್ಮೆ ವಹಿಸಿಕೊಂಡರು.

ಕೊನೆಯ ದಿನಗಳು

ಅನಾರೋಗ್ಯದ ಕಾರಣ 1860ರಲ್ಲಿ ಸ್ವದೇಶಕ್ಕೆ ಮರಳಿದ ಟೇಲರ್ ಅವರು ಬರವಣಿಗೆಯನ್ನು ಮುಂದುವರಿಸಿದರು. ಕೊನೆಯಲ್ಲಿ ದೃಷ್ಟಿಯನ್ನು ಕಳೆದುಕೊಂಡರೂ 1875ರಲ್ಲಿ ಮತ್ತೊಮ್ಮೆ ಹೈದರಾಬಾದಿಗೆ ಬಂದಿದ್ದರು. ಹಿಂತಿರುಗುವಾಗ 13-05-1876ರಂದು ಫ್ರಾನ್ಸ್ ದೇಶದ ಮೆಂಟನ್ ಎಂಬಲ್ಲಿ ನಿಧನರಾದರು. ಅವರ ಆತ್ಮಕಥೆಯು 1877ರಲ್ಲಿ ಪ್ರಕಟವಾಯಿತು.

ಎಲ್ಲ ಅರ್ಹತೆಗಳು ಕೂಡಿಬರುವವರೆಗೆ ಕಾಯದೆ, ಕೈಯಲ್ಲಿರುವ ಕೆಲಸವನ್ನು ಆರಂಭಿಸಿ ಬೇಕಾದುದನ್ನು ಕಲಿಯುತ್ತಾ ಸಾಗುವುದೇ ಸಂಶಯವನ್ನು ನಿವಾರಿಸುವ ಮಾರ್ಗವೆಂಬುದನ್ನು ಅವರ ಜೀವನದಿಂದ ತಿಳಿಯಬಹುದಾಗಿದೆ. ಸುರಪುರಕ್ಕೆ ಕಚೇರಿ ಕೆಲಸಗಳಿಗಾಗಿ ಬರುವ ಸಾರ್ವಜನಿಕರು ಬಿಡುವಿದ್ದಲ್ಲಿ ಟೇಲರ್ ಮಂಜಿಲ್ ಹಾಗೂ ಪಕ್ಷಿಗಳ ತಾಣವಾಗಿರುವ ಬೋನಾಳ ಕೆರೆಯನ್ನು ವೀಕ್ಷಿಸಬಹುದು.