ಹಿಡಿತ ಬಲ್ಲ ಫಾಂಜಿಯೊ

ಬೇಸಿಗೆಯ ಮೊದಲ ಮಳೆ ಬಿದ್ದ ದಿನ ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಕಾರು ನಡೆಸಿದವರಿಗೆ ರಸ್ತೆಯ ಸ್ವಭಾವ ಗಳಿಗೆಯಲ್ಲಿ ಬದಲಾಗುವುದು ಗೊತ್ತು. ತಿಂಗಳುಗಟ್ಟಲೆ ಕೂತಿದ್ದ ಧೂಳು, ಎಣ್ಣೆಯ ಜಿಡ್ಡು ನೀರಿನೊಡನೆ ಬೆರೆತು ಡಾಂಬರು ಜಾರತೊಡಗುತ್ತದೆ. ಜೋರು ಮಳೆ ಅದನ್ನು ತೊಳೆದರೆ ಅದೇ ಟೈರಿಗೆ ಒಂದಿಷ್ಟು ಹಿಡಿತ ಮರಳುತ್ತದೆ. ಅಂಥ ಮಳೆಯಲ್ಲಿ ಮಾವಿನ ಲಾರಿಗಳ ಹಿಂದೆ ನಿಧಾನವಾಗಿ ಸಾಗುವಾಗ ನನಗೆ ನೆನಪಾಗುವವರು ಅರ್ಜೆಂಟೀನಾದ ಹ್ವಾನ್ ಮ್ಯಾನ್ಯುಯೆಲ್ ಫಾಂಜಿಯೊ. ಮೋಟಾರು ಪಂದ್ಯವೆಂದರೆ ಎಂಜಿನ್ನಿನ ಬಲಾಬಲವಷ್ಟೇ ಎಂದು ನಂಬಿದವರು ಅವರ ಬದುಕನ್ನೊಮ್ಮೆ ನೋಡಬೇಕು.

ನಮ್ಮ ಕೋಲಾರ, ಮಾಲೂರುಗಳಂತೆಯೇ ಆಲೂಗಡ್ಡೆ ಬೆಳೆಯುವ ಬಾಲ್ಕಾರ್ಸೆಯಲ್ಲಿ, ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ, 1911ರಲ್ಲಿ ಅವರ ಜನನ. ಹುಡುಗನಾಗಿದ್ದಾಗಲೇ ಗ್ಯಾರೇಜು ಸೇರಿದರು. 1940ರಲ್ಲಿ ಬ್ಯೂನಸ್ ಐರಿಸ್‌ನಿಂದ ಪೆರುವಿನ ಲಿಮಾಕ್ಕೆ ಹೋಗಿ ಮರಳುವ, 9,000 ಕಿಲೋಮೀಟರಿಗೂ ಮಿಕ್ಕಿದ ಪಂದ್ಯ ಗೆದ್ದರು. ಯುರೋಪಿನಲ್ಲಿ ಮೊದಲು ಸ್ಪರ್ಧಿಸಿದ್ದು 1948ರಲ್ಲಿ, 37ರ ವಯಸ್ಸಿನಲ್ಲಿ. ಇಂದು ಅದು ನಿವೃತ್ತಿಯ ವಯಸ್ಸು! ಆಮೇಲೆ ನಾಲ್ಕು ಬೇರೆ ಬೇರೆ ಕಂಪನಿಗಳ ಕಾರುಗಳಲ್ಲಿ ಐದು ಬಾರಿ ವಿಶ್ವ ಚಾಂಪಿಯನ್ ಆದರು. ಮಣ್ಣುರಸ್ತೆ ಕಲಿಸಿದ ವಿದ್ಯೆ ಅದರ ಹಿಂದಿತ್ತೆಂಬುದು ನನ್ನ ನಂಬಿಕೆ.

ತಣ್ಣಗಿನ ರಬ್ಬರು ರಸ್ತೆಯನ್ನು ಕಚ್ಚದು, ಮಿತಿಮೀರಿ ಕಾದರೆ ಕೈಕೊಡುತ್ತದೆ. ಮೆದು ಟೈರಿಗೆ ಹಿಡಿತ ಹೆಚ್ಚು, ಆಯುಷ್ಯ ಕಡಿಮೆ. ತುಂಬಿದ ಟ್ಯಾಂಕಿನ ಭಾರ ಸವೆತವನ್ನು ಹೆಚ್ಚಿಸುತ್ತದೆ. ಇಂಧನ ಉರಿದಂತೆ ಕಾರು ಹಗುರವಾಗುತ್ತದೆ. ಹೀಗೆ ಪ್ರತಿ ಸುತ್ತಿನಲ್ಲೂ ಚಾಲಕನ ಕೈಯಲ್ಲಿರುವುದು ಬೇರೆಯೇ ಕಾರು.

1957ರ ಆಗಸ್ಟ್ 4, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್. ಕಾಡುಗುಡ್ಡಗಳ ನಡುವೆ 22.8 ಕಿಲೋಮೀಟರಿನ ಸುತ್ತು, ಅಂಥವು 22. ಫೆರಾರಿಯ ಮೈಕ್ ಹಾಥಾರ್ನ್, ಪೀಟರ್ ಕಾಲಿನ್ಸ್ ಗಡಸು ಟೈರು, ತುಂಬಿದ ಟ್ಯಾಂಕಿನೊಡನೆ ಎಲ್ಲೂ ನಿಲ್ಲದೆ ಓಡುವವರಿದ್ದರು. 46ರ ಫಾಂಜಿಯೊ ತಮ್ಮ ಮಸೆರಾಟಿಗೆ ಮೆದು ಟೈರು, ಅರ್ಧ ಟ್ಯಾಂಕು ಸಾಕೆಂದು ಹೊರಟರು. ಹನ್ನೆರಡನೆಯ ಸುತ್ತಿನ ಕೊನೆಗೆ ಸುಮಾರು 30 ಸೆಕೆಂಡು ಮುಂದಿದ್ದು, ಟೈರು ಬದಲಿಸಲು ನಿಂತರು. ಮೆಕ್ಯಾನಿಕ್ಕುಗಳು ತಡಮಾಡಿದರು. ಮತ್ತೆ ಹೊರಟಾಗ 45 ಸೆಕೆಂಡಿಗೂ ಹೆಚ್ಚು ಹಿಂದೆ. ಕಾಗದದ ಲೆಕ್ಕ ಅಲ್ಲಿಗೆ ಮುಗಿದಿತ್ತು. ಫೆರಾರಿಯವರ ಲೆಕ್ಕವೇನೂ ದಡ್ಡತನದ್ದಾಗಿರಲಿಲ್ಲ.

ಹೊಸ ಟೈರು ಹದಕ್ಕೆ ಬಂದ ಮೇಲೆ ಅವರು ತಿರುವುಗಳನ್ನು ವಾಡಿಕೆಗಿಂತ ಒಂದು ಗೇರು ಮೇಲಿಟ್ಟೇ ದಾಟಿದರು. ದಾಖಲೆಗಳು ಸುತ್ತುಸುತ್ತಿಗೂ ಮುರಿದವು. ಇಪ್ಪತ್ತನೆಯ ಸುತ್ತು 9 ನಿಮಿಷ 17.4 ಸೆಕೆಂಡು: ಅರ್ಹತಾ ಸುತ್ತಿನಲ್ಲಿ ತಾವೇ ಸಾಧಿಸಿದ್ದಕ್ಕಿಂತ ಎಂಟು ಸೆಕೆಂಡು ವೇಗ. ಇಪ್ಪತ್ತೊಂದರಲ್ಲಿ ಇಬ್ಬರನ್ನೂ ಹಿಂದಿಕ್ಕಿ, ನಾಲ್ಕು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಗೆದ್ದರು.

ಅಂಥ ಸಾಹಸಕ್ಕೆ ಮತ್ತೆಂದೂ ಕೈಹಾಕಲಾರೆನೆಂಬುದನ್ನು ಫಾಂಜಿಯೊ ಬಚ್ಚಿಡಲಿಲ್ಲ. ಮಾರನೆಯ ವರ್ಷ ಪಂದ್ಯ ಬಿಟ್ಟರು. ಅದೇ ವರ್ಷ ಅದೇ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಕಾಲಿನ್ಸ್ ಮಡಿದರು. ಹಾಥಾರ್ನ್ ವಿಶ್ವ ಚಾಂಪಿಯನ್ನಾಗಿ ನಿವೃತ್ತರಾದರು. 1959ರ ಜನವರಿಯಲ್ಲಿ ಇಂಗ್ಲೆಂಡಿನ ಒಂದು ಸಾಮಾನ್ಯ ರಸ್ತೆ ಮಳೆಗೆ ಒದ್ದೆಯಾಗಿತ್ತು, ಅವರ ಕಾರು ಅಲ್ಲಿ ಹಿಡಿತ ತಪ್ಪಿತು. ಫಾಂಜಿಯೊ 84 ವರ್ಷ ಬಾಳಿ, 1995ರಲ್ಲಿ ತೀರಿಕೊಂಡರು.