ದಾರದಲ್ಲಿ ಅಳೆದ ಆಕಾಶದ ಹಾದಿ

ಮಕ್ಕಳೇ, ನಿಮ್ಮ ಶಾಲೆಯ ಗ್ಲೋಬ್ ಬೀರುವಿನಲ್ಲಿದ್ದರೆ ಇಂದು ಗುರುಗಳನ್ನು ಕೇಳಿ ಹೊರಗೆ ತೆಗೆಸಿ. (ಅದು ಇರಬೇಕಾದದ್ದು ನಿಮ್ಮ ಕೈಯಲ್ಲಿ!) ದಾರದ ಒಂದು ತುದಿಯನ್ನು ಅಮೆರಿಕದ ನ್ಯೂಯಾರ್ಕ್ ಮೇಲೆ ಒತ್ತಿ ಹಿಡಿದು, ಫ್ರಾನ್ಸಿನ ಪ್ಯಾರಿಸ್‌ವರೆಗೆ ಬಿಗಿಯಾಗಿ ಎಳೆಯಿರಿ. ದಾರ ನೇರವಾಗಿ ಪೂರ್ವಕ್ಕೆ ಹೋಗಿದೆಯೇ? ಇಲ್ಲ. ಉತ್ತರಕ್ಕೆ ಬಾಗಿ, ಕೆನಡಾದ ಅಂಚನ್ನು ಹಾದು ಹೋಗಿದೆ. ಗೋಳದ ಮೇಲೆ ಅದೇ ಅತಿ ಹತ್ತಿರದ ದಾರಿ.

1927ರಲ್ಲಿ 25 ವರ್ಷದ ತರುಣನೊಬ್ಬ ಸ್ಯಾನ್ ಡಿಯಾಗೊ ನಗರದ ಗ್ರಂಥಾಲಯದಲ್ಲಿ ಹೀಗೆಯೇ ಗ್ಲೋಬಿನ ಮೇಲೆ ದಾರ ಹಿಡಿದು ಅಳೆದ. ಬಂದ ದೂರ ಸುಮಾರು 5,800 ಕಿಲೋಮೀಟರ್. ಆತನೇ ಚಾರ್ಲ್ಸ್ ಲಿಂಡ್‌ಬರ್ಗ್.

ಲಿಂಡ್‌ಬರ್ಗ್ ಹುಟ್ಟಿದ್ದು 1902ರ ಫೆಬ್ರವರಿ 4ರಂದು, ಅಮೆರಿಕದ ಡೆಟ್ರಾಯಿಟ್‌ನಲ್ಲಿ. ಎಂಜಿನಿಯರಿಂಗ್ ಓದನ್ನು ಅರ್ಧಕ್ಕೇ ಬಿಟ್ಟು ವಿಮಾನ ಹಾರಿಸಲು ಕಲಿತ. ಮುಂದೆ ಅಂಚೆ ಚೀಲಗಳನ್ನು ಹೊತ್ತೊಯ್ಯುವ ವಿಮಾನದ ಚಾಲಕನಾದ.

ನ್ಯೂಯಾರ್ಕ್ ಮತ್ತು ಪ್ಯಾರಿಸ್ ನಡುವೆ ಎಲ್ಲಿಯೂ ಇಳಿಯದೆ ಹಾರಿದವರಿಗೆ 25,000 ಡಾಲರ್ ಬಹುಮಾನವಿತ್ತು. ಅದಕ್ಕಾಗಿ ನಡೆದ ಪ್ರಯತ್ನಗಳಲ್ಲಿ ಆಗಲೇ ಆರು ಮಂದಿ ಪ್ರಾಣ ಕಳೆದುಕೊಂಡಿದ್ದರು. ಲಿಂಡ್‌ಬರ್ಗ್ ಹೊರಡುವುದಕ್ಕೆ ಹನ್ನೆರಡೇ ದಿನ ಮೊದಲು ಪ್ಯಾರಿಸ್‌ನಿಂದ ಹೊರಟಿದ್ದ ಇಬ್ಬರು ಫ್ರೆಂಚ್ ವೀರರ ಸುಳಿವೇ ಸಿಗಲಿಲ್ಲ.

ದೂರ ಗೊತ್ತಾದ ಮೇಲೆ ಪೆಟ್ರೋಲಿನ ಲೆಕ್ಕ. ಸುಮಾರು 1,700 ಲೀಟರ್! ಅಷ್ಟು ದೊಡ್ಡ ಟ್ಯಾಂಕನ್ನು ಚಾಲಕನ ಮುಂದೆಯೇ ಕೂರಿಸಿದ್ದರಿಂದ ಎದುರಿಗೆ ನೋಡಲು ಕಿಟಕಿಯೇ ಇರಲಿಲ್ಲ. ಪಕ್ಕದ ಕಿಟಕಿಗಳೇ ಗತಿ. ಮುಂದೆ ನೋಡಲು ಒಂದು ಪುಟ್ಟ ಪೆರಿಸ್ಕೋಪು. ಭಾರ ಕಡಿಮೆಯಾಗಲೆಂದು ರೇಡಿಯೋ, ಪ್ಯಾರಾಚೂಟ್ ಎರಡನ್ನೂ ಬಿಟ್ಟ.

ಮೇ 20ರ ಬೆಳಿಗ್ಗೆ 7 ಗಂಟೆ 52 ನಿಮಿಷಕ್ಕೆ ಆತ ಒಬ್ಬನೇ ನ್ಯೂಯಾರ್ಕ್‌ನಿಂದ ಮೇಲೇರಿದ. ಬಾಗಿದ ದಾರಿಯನ್ನು ಸುಮಾರು 160 ಕಿಲೋಮೀಟರಿನ ತುಂಡುಗಳಾಗಿ ನಕ್ಷೆಯಲ್ಲಿ ಮೊದಲೇ ಗುರುತಿಸಿದ್ದ. ಗಂಟೆಗೊಮ್ಮೆ ದಿಕ್ಸೂಚಿ ನೋಡಿ ವಿಮಾನದ ಮುಖವನ್ನು ತುಸು ತಿರುಗಿಸಬೇಕು. ಕೆಳಗೆ ಕಡಲು, ಸುತ್ತ ಮಂಜು, ರೆಕ್ಕೆಗೆ ಅಂಟುವ ಹಿಮ. ಇವೆಲ್ಲಕ್ಕಿಂತ ದೊಡ್ಡ ಶತ್ರು ನಿದ್ದೆ! ಹಿಂದಿನ ರಾತ್ರಿಯೂ ಆತ ಮಲಗಿರಲಿಲ್ಲ. ಕಣ್ಣು ಮುಚ್ಚಿದರೆ ಕತೆ ಮುಗಿಯಿತು. ತಣ್ಣನೆಯ ಗಾಳಿಗೆ ಮುಖವೊಡ್ಡಿ ಎಚ್ಚರವಾಗಿದ್ದ. ಕೊನೆಗೆ ಐರ್ಲೆಂಡಿನ ಕರಾವಳಿ ಕಂಡಾಗ, ಅಂದುಕೊಂಡ ದಾರಿಯಿಂದ ಆತ ತಪ್ಪಿದ್ದು ಕೆಲವೇ ಕಿಲೋಮೀಟರ್. ಲೆಕ್ಕ ಕೈ ಹಿಡಿದಿತ್ತು.

ಪ್ಯಾರಿಸ್‌ನ ಲ ಬೂರ್ಜೆ ನಿಲ್ದಾಣದಲ್ಲಿ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಮೇ 21ರ ರಾತ್ರಿ 10 ಗಂಟೆ 22 ನಿಮಿಷ. ಈಗ ನೀವು ಲೆಕ್ಕ ಹಾಕಿ. ಮೂವತ್ತೆಂಟೂವರೆ ಗಂಟೆ ಬಂತೇ? ಆದರೆ ಆತ ಹಾರಿದ್ದು ಮೂವತ್ತಮೂರೂವರೆ ಗಂಟೆ ಮಾತ್ರ. ಪ್ಯಾರಿಸ್ ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ಮೊದಲೇ ಹುಟ್ಟುತ್ತಾನೆ. ಅಂದು ಅಲ್ಲಿನ ಗಡಿಯಾರ ನ್ಯೂಯಾರ್ಕಿಗಿಂತ 5 ಗಂಟೆ ಮುಂದಿತ್ತು. ದೂರವನ್ನು ಹಾರಿದ ಹೊತ್ತಿನಿಂದ ಭಾಗಿಸಿದರೆ ವೇಗ ಗಂಟೆಗೆ ಸುಮಾರು 173 ಕಿಲೋಮೀಟರ್.

ಲಿಂಡ್‌ಬರ್ಗ್ 1974ರ ಆಗಸ್ಟ್ 26ರಂದು ತೀರಿಕೊಂಡ. ಆತನ ವಿಮಾನ 'ಸ್ಪಿರಿಟ್ ಆಫ್ ಸೇಂಟ್ ಲೂಯಿಸ್' ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಈಗಿನ ಜೆಟ್ ವಿಮಾನ ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಸುಮಾರು ಏಳು ಗಂಟೆಯಲ್ಲಿ ಹೋಗುತ್ತದೆ. ಮರಳಿ ಬರಲು ಮಾತ್ರ ಸಾಮಾನ್ಯವಾಗಿ ಒಂದು ಗಂಟೆ ಹೆಚ್ಚು ಬೇಕು. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಲವಾದ ಗಾಳಿ ಬೀಸುತ್ತಿರುತ್ತದೆ. ಸೈಕಲ್ ತುಳಿಯುವಾಗ ಎದುರುಗಾಳಿ ಸಿಕ್ಕಿದ್ದು ನೆನಪಿದೆಯಲ್ಲವೇ?