ಕಾಲರಾದ ವಿಷವನ್ನು ಪತ್ತೆ ಹಚ್ಚಿದ ಡಾ. ಶಂಭುನಾಥ ಡೇ

ಭೇದಿಯಾದವರಿಗೆ ಉಪ್ಪು, ಸಕ್ಕರೆ ಬೆರೆಸಿದ ನೀರು ಕುಡಿಸಬೇಕೆಂದು ಇಂದು ನಮ್ಮೆಲ್ಲರಿಗೂ ಗೊತ್ತು. ಆದರೆ ಕಾಲರಾ ರೋಗಿಯ ಮೈಯ ನೀರು ಕೆಲವೇ ಗಂಟೆಗಳಲ್ಲಿ ಬತ್ತಿ ಹೋಗುವುದೇಕೆ? ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ನಮ್ಮ ದೇಶದವರೇ ಆದ ಡಾ. ಶಂಭುನಾಥ ಡೇ. ಅವರ ಜೀವನವನ್ನು ಸಂಕ್ಷಿಪ್ತವಾಗಿ ಓದುಗರ ಮುಂದಿಡುತ್ತಿದ್ದೇವೆ.

ಶಂಭುನಾಥರು 1915ರ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರ ಬಡ ಕುಟುಂಬದಲ್ಲಿ ಜನಿಸಿದರು. ಹಿತೈಷಿಗಳ ನೆರವಿನಿಂದ ಓದಿ 1939ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಿಂದ ವೈದ್ಯಕೀಯ ಪದವಿ ಪಡೆದರು. 1947ರಲ್ಲಿ ಲಂಡನ್ನಿಗೆ ತೆರಳಿ, ಸರ್ ರಾಯ್ ಕ್ಯಾಮರಾನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1949ರಲ್ಲಿ ಪಿಎಚ್.ಡಿ. ಗಳಿಸಿ ಮರಳಿದರು. ಆಗ ಕಲ್ಕತ್ತೆಯ ಆಸ್ಪತ್ರೆಗಳಲ್ಲಿ ಕಾಲರಾ ರೋಗಿಗಳಿಗೆ ಕೊರತೆಯಿರಲಿಲ್ಲ. ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಅವರು ಆ ರೋಗದ ಅಧ್ಯಯನಕ್ಕೆ ತೊಡಗಿದರು.

1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಇದೇ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ಬೆಳೆಸಿದ್ದರು. ರೋಗಾಣು ಒಂದು ವಿಷವನ್ನು ಹೊರಬಿಡುತ್ತದೆಂದು ಅವರು ಊಹಿಸಿದ್ದರೂ ಅದನ್ನು ತೋರಿಸಿಕೊಡಲು ಯಾರಿಂದಲೂ ಆಗಿರಲಿಲ್ಲ. ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊಳ್ಳಿಗೋ ರೋಗಾಣುವನ್ನು ಚುಚ್ಚಿ ನೋಡುತ್ತಿದ್ದರೇ ಹೊರತು ರೋಗ ಕಾಣಿಸುವ ಕರುಳಿನೊಳಗೆ ಹುಡುಕುತ್ತಿರಲಿಲ್ಲ. ಡೇ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಬದಿ ದಾರದಿಂದ ಕಟ್ಟಿ, ಅದರೊಳಗೆ ರೋಗಾಣುವನ್ನು ಬಿಟ್ಟರು. ಮರುದಿನ ನೋಡುವಾಗ ಆ ಭಾಗ ನೀರು ತುಂಬಿ ಉಬ್ಬಿತ್ತು. ಈ ವಿಧಾನ 1953ರಲ್ಲಿ ಪ್ರಕಟವಾಯಿತು. ಮುಂದೆ ರೋಗಾಣುಗಳನ್ನೆಲ್ಲ ಸೋಸಿ ತೆಗೆದ ದ್ರವವನ್ನಷ್ಟೇ ಬಿಟ್ಟಾಗಲೂ ಹಾಗೆಯೇ ಆಯಿತು. ಕೆಡುಕು ಮಾಡುವುದು ರೋಗಾಣು ಸ್ರವಿಸುವ ವಿಷವೇ ಎಂದು ಇದರಿಂದ ಸಿದ್ಧವಾಯಿತು. 1959ರ ಮೇ ತಿಂಗಳಲ್ಲಿ 'ನೇಚರ್' ಪತ್ರಿಕೆ ಈ ಚಿಕ್ಕ ಲೇಖನವನ್ನು ಪ್ರಕಟಿಸಿತು.

ಈ ವಿಷ ಕರುಳಿನಿಂದ ನೀರು ಮತ್ತು ಲವಣ ಸೋರುವಂತೆ ಮಾಡುತ್ತದೆ, ಆದರೆ ಕರುಳನ್ನೇ ನಾಶ ಮಾಡುವುದಿಲ್ಲ. ಆದುದರಿಂದಲೇ ಸಕ್ಕರೆಯೊಂದಿಗೆ ಕುಡಿಸಿದ ಉಪ್ಪುನೀರನ್ನು ಅದು ಹೀರಿಕೊಳ್ಳಬಲ್ಲದು. 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವ್‌ನಲ್ಲಿ ಡಾ. ದಿಲೀಪ್ ಮಹಲನೋಬಿಸ್ ಇಂತಹ ನೀರನ್ನೇ ಕುಡಿಸಿದಾಗ, ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಡೇ ಅವರು 1973ರಲ್ಲಿ ನಿವೃತ್ತರಾದರು. ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅವರ ಹೆಸರನ್ನು ಒಂದಕ್ಕಿಂತ ಹೆಚ್ಚು ಬಾರಿ ನೊಬೆಲ್‌ಗೆ ಸೂಚಿಸಿದ್ದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನವು ಕಾಲರಾ ಕುರಿತ ವಿಚಾರಸಂಕಿರಣಕ್ಕೆ ಅವರನ್ನು ಆಹ್ವಾನಿಸಿತು. ಸ್ವದೇಶದ ವಿಜ್ಞಾನ ಅಕಾಡೆಮಿಗಳು ಮಾತ್ರ ಅವರನ್ನು ಸದಸ್ಯರನ್ನಾಗಿ ಆರಿಸಲೇ ಇಲ್ಲ. 1985ರ ಏಪ್ರಿಲ್ 15ರಂದು ಅವರು ನಿಧನರಾದರು. ಐದು ವರ್ಷಗಳ ಬಳಿಕ, 1990ರಲ್ಲಿ, ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರ ನೆನಪಿಗೆ ವಿಶೇಷ ಸಂಚಿಕೆಯನ್ನು ಮೀಸಲಿಟ್ಟಿತು.

ದುಬಾರಿ ಯಂತ್ರಗಳಿಲ್ಲದೆ, ಕೈಗೆ ಸಿಕ್ಕಿದ ಸಾಧನಗಳಿಂದಲೇ ನಡೆದ ಕೆಲಸವಿದು. ಮಳೆಗಾಲದಲ್ಲಿ ಮನೆಮನೆಗೆ ಓಆರ್‌ಎಸ್ ಪೊಟ್ಟಣ ತಲುಪಿಸುವ ನಮ್ಮ ಆರೋಗ್ಯ ಕಾರ್ಯಕರ್ತರು ಅದರ ಹಿಂದಿರುವ ಈ ಹೆಸರನ್ನೂ ಅರಿತಿರಲಿ ಎಂದು ಆಶಿಸುತ್ತೇವೆ.